ಸಹಿ ಹಾಕುವವರು ಯಾರು?

ರಾಜ್ಯೋತ್ಸವ ಸಂಚಿಕೆಯ ಕರಡು ತಿದ್ದುತ್ತ ಕುಳಿತಿದ್ದಾಗ, ಹೈಸ್ಕೂಲಿನಲ್ಲಿ ಓದುವ ಮಗಳು ಹಾಳೆಯೊಂದನ್ನು ಮುಂದಿಟ್ಟು, “ಅಮ್ಮ, ಕನ್ನಡ ಸಂಘಕ್ಕೆ ಕೆಲಸ ಮಾಡಿದ್ರೆ ಇದಕ್ಕೆ ಸಹಿ ಹಾಕೋರು ಯಾರು?” ಎಂದು ಕೇಳಿದಳು. ಅದು ಅವಳ ಕೀ ಕ್ಲಬ್ಬಿನ, ಎಂದರೆ ಶಾಲೆಯ ವಿದ್ಯಾರ್ಥಿಗಳ ಸೇವಾ ಸಂಘದ, ಸೇವಾ ಗಂಟೆಗಳ ಲೆಕ್ಕ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದ್ದು ಎರಡು ಗಂಟೆ, ಬಡವರಿಗೆ ಹಂಚುವ ಆಹಾರದ ಡಬ್ಬಿಗಳನ್ನು ವಿಂಗಡಿಸಿದ್ದು ಮೂರು ಗಂಟೆ. ನಮ್ಮ ಸಂಘದ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಈ ಕೀ ಕ್ಲಬ್ಬನ್ನು ಪೋಷಿಸುವುದು ದೊಡ್ಡವರ ಸೇವಾ ಸಂಸ್ಥೆಯಾದ ನಮ್ಮೂರಿನ ಕಿವಾನಿಸ್ ಕ್ಲಬ್. (ಹೆಸರನ್ನು ಫೋನಿನಲ್ಲಿ ಕೇಳಿದ ನನ್ನ ತಾಯಿ, “ಮಗು ಕಿವಿಗೆ ಏನಾಯ್ತೇ?” ಎಂದು ಗಾಬರಿಯಾಗಿದ್ದರು.) ಕಿವಾನಿಸ್ 1915ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿತು, ಅದೇ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಮ್ಮ ಸಾಹಿತ್ಯ ಪರಿಷತ್ತು ಹುಟ್ಟಿದ್ದು ನೆನಪಾಗಿ ಏನೋ ನೆಂಟಸ್ತನ ಕಂಡಂತಾಯಿತು. ಹೆಂಗಸರನ್ನು ಸದಸ್ಯರನ್ನಾಗಿಸಿಕೊಳ್ಳಲು 1987ರವರೆಗೆ ಕಾಯಿಸಿದ ಈ ಸಂಸ್ಥೆ ಮಕ್ಕಳ ವಿಷಯದಲ್ಲಿ ಬೇಗನೆ ಎಚ್ಚೆತ್ತುಕೊಂಡಿತ್ತು: 1925ರಲ್ಲಿ ಸ್ಯಾಕ್ರಮೆಂಟೊದ ಹೈಸ್ಕೂಲೊಂದರಲ್ಲಿ ಆರಂಭವಾದ ಕೀ ಕ್ಲಬ್ಬಿನಲ್ಲಿ ಅಧ್ಯಕ್ಷರಿಂದ ಖಜಾಂಚಿಯವರೆಗೆ ಎಲ್ಲರೂ ವಿದ್ಯಾರ್ಥಿಗಳೇ. ಕಳೆದ ತಿಂಗಳ ಪ್ಯಾನ್‌ಕೇಕ್ ಉಪಾಹಾರದಲ್ಲಿ, ಬೆಳಿಗ್ಗೆ ಆರೂವರೆಗೆ ಕಾವಲಿಯ ಮುಂದೆ ನಿಂತ ನನ್ನ ಮಗಳು ದೋಸೆಯ ಅಂಚು ಬಿಡಿಸುವಂತೆ ಸುತ್ತಲೂ ಸಟ್ಟುಗ ಆಡಿಸಿ ಮಗುಚುತ್ತಿದ್ದಳು. ಮನೆಯಲ್ಲಿ ಒಂದು ದಿನವೂ ದೋಸೆ ಹುಯ್ದವಳಲ್ಲ.

ಅವಳನ್ನು ನೋಡುತ್ತ ನನಗೆ ನೆನಪಾದದ್ದು ನಂಜನಗೂಡಿನ ದೊಡ್ಡ ಜಾತ್ರೆ. ಐದು ತೇರು ಎಳೆಯುವ ಆ ಬಿಸಿಲಿನಲ್ಲಿ ನಮ್ಮ ಸೋದರಮಾವ ಬೀದಿಯ ಗೆಳೆಯರೊಡನೆ ಅರವಟ್ಟಿಗೆ ಇಡುತ್ತಿದ್ದರು. ಹಿಂದಿನ ರಾತ್ರಿಯೇ ಬೆಲ್ಲ ಕುಟ್ಟಿ, ಏಲಕ್ಕಿ ಪುಡಿ ಮಾಡಿ, ಮಜ್ಜಿಗೆಗೆ ಕರಿಬೇವು ಕಿವುಚಿ ಇಡುವುದು ಮಕ್ಕಳಾದ ನಮ್ಮ ಪಾಲಿನ ಕೆಲಸ. ಲೋಟವನ್ನು ಅರ್ಧ ತುಂಬಿಸಿದರೆ ಮಾವ ಹಿಂದಿನಿಂದ ಬಂದು, “ಕಂಠಮಟ್ಟ ಹುಯ್ಯೇ, ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?” ಎಂದು ಗದರುತ್ತಿದ್ದರು. ಸಂಜೆಗೆ ಅಂಗೈಯೆಲ್ಲ ಪಾನಕದ ಅಂಟು. ಇರುವೆಗಳಿಗೆ ಹೆದರಿ ಎರಡೆರಡು ಸಲ ಕೈತೊಳೆದು ಮಲಗುತ್ತಿದ್ದೆವು. ಎಷ್ಟು ಗಂಟೆ ನಿಂತೆವೆಂದು ಯಾರೂ ಬರೆದಿಡಲಿಲ್ಲ ನಿಜ, ಆದರೆ ಲೆಕ್ಕದ ಹಾಳೆಯನ್ನು ನಾನು ಹಳಿಯುವುದಿಲ್ಲ. ಮಾವ ನಮ್ಮನ್ನು ಕೆಲಸಕ್ಕೆ ಕರೆದರು ಎಂಬುದೇ ಮುಖ್ಯ. ನಾವಾದರೋ ಮಕ್ಕಳಿಗೆ ರೇಷ್ಮೆ ಲಂಗ ತೊಡಿಸಿ ವೇದಿಕೆಗೆ ಹತ್ತಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಅಡುಗೆಮನೆಗೂ ಸಮಿತಿಗೂ ಕರೆಯುವುದಿಲ್ಲ. ಆಮೇಲೆ ಯುವಕರು ಸಂಘಕ್ಕೆ ಬರುವುದಿಲ್ಲವೆಂದು ಗೊಣಗುತ್ತೇವೆ.

ಇನ್ನು ಪ್ರಕಟಣೆಗಳು, ಅವಸರದಲ್ಲಿ: ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಮಧ್ಯಾಹ್ನ ಎರಡಕ್ಕೆ. ಊಟಕ್ಕೆ ಬಿಸಿಬೇಳೆಬಾತು, ಹೆಸರು ನೋಂದಾಯಿಸದೆ ಬಂದವರಿಗೆ ಮೊಸರನ್ನ ಮಾತ್ರ ಖಾತ್ರಿ. ಕಿವಾನಿಸ್ ಕ್ಲಬ್ಬಿನವರು ಶಾಲಾ ಮಕ್ಕಳಿಗಾಗಿ ಚಳಿಗಾಲದ ಕೋಟುಗಳನ್ನು ಸಂಗ್ರಹಿಸುತ್ತಿದ್ದಾರೆ, ಪೆಟ್ಟಿಗೆ ಬಾಗಿಲ ಬಳಿಯೇ ಇರುತ್ತದೆ. ಕನ್ನಡ ಕಲಿ ತರಗತಿಗೆ ಅಂದು ರಜೆ.

ಬಡಿಸಲು ಹದಿಹರೆಯದ ಎಂಟು ಮಂದಿ ಬೇಕು, ಅವರ ಹಾಳೆಗೆ ನಾನೇ ಸಹಿ ಹಾಕುತ್ತೇನೆ. ಪುಟವಿನ್ಯಾಸ ಬಲ್ಲವರೊಬ್ಬರು ದಯವಿಟ್ಟು ಮುಂದೆ ಬನ್ನಿ. ಈಗ ರಾತ್ರಿ ಒಂದೂವರೆಯಾಗಿದೆ, ಏಳನೆಯ ಪುಟದ ಚಿತ್ರ ಮತ್ತೆ ಎಂಟನೆಯ ಪುಟಕ್ಕೆ ಜಾರಿದೆ.