ಮೂರು ಪರೀಕ್ಷೆಗೂ ಒಟ್ಟಿಗೇ ಯಾಕೆ?

ಸಂಪಾದಕರೇ,

ಪಿಯು ಸೈನ್ಸ್‌ಗೆ ಸೇರಿಸುವಾಗಲೇ ಕಲಬುರಗಿಯ ಕೆಲವು ಕೋಚಿಂಗ್ ಸೆಂಟರ್‌ನವರು ನೀಟ್, ಜೆಇಇ (ಐಐಟಿ, ಎನ್‌ಐಟಿಗೆ), ಸಿಇಟಿ (ರಾಜ್ಯದ ಕಾಲೇಜುಗಳಿಗೆ) ಈ ಮೂರೂ ಪ್ರವೇಶ ಪರೀಕ್ಷೆಗೆ ಸೇರಿಸಿಯೇ ಫೀ ಹೇಳುತ್ತಾರೆ. ಹುಡುಗನಿಗೆ ಏನಾಗಬೇಕು ಅಂತ ಕೇಳುವುದೇ ಇಲ್ಲ. ಎಂಬಿಬಿಎಸ್‌ಗಾದರೆ ನೀಟ್ ಬೇಕೇ ಬೇಕು, ಸರಿ. ರಾಜ್ಯದಲ್ಲೇ ಇಂಜಿನಿಯರಿಂಗ್ ಓದುವವರಿಗೆ ಸಿಇಟಿ ಸಾಕಲ್ವಾ? ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕಗಳದ್ದೇ ಇರುತ್ತದೆ, ಹೀಗಿರುವಾಗ ಸುಮ್ನೆ ಜೆಇಇ ಬೆನ್ನು ಹತ್ತಿ ಬೋರ್ಡ್ ಪರೀಕ್ಷೆ ಕಡೆಗಣಿಸಿದರೆ ಎರಡೂ ಕಡೆ ಹೊಡೆತ. ಬೀದರ್‌ನ ಪಶುವೈದ್ಯಕೀಯ ಕಾಲೇಜು, ರಾಯಚೂರಿನ ಕೃಷಿ ವಿವಿ, ಇವುಗಳ ಹೆಚ್ಚಿನ ಸೀಟು ತುಂಬುವುದೂ ಸಿಇಟಿಯಿಂದಲೇ. ಇದನ್ನು ಹೇಳುವವರೇ ಕಮ್ಮಿ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಮಾತು ಬೇರೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲಾತಿ ಇದೆ. ಆದರೆ ಸಹಾಯಕ ಆಯುಕ್ತರ ಅರ್ಹತಾ ಪತ್ರ ಕೈಯಲ್ಲಿರಬೇಕು. ಜಾಸ್ತಿ ಜನ ಸಿಇಟಿ ಅರ್ಜಿ ಹಾಕುವ ಹೊತ್ತಿಗೆ ರೇಷನ್ ಕಾರ್ಡು, ಶಾಲೆ ದಾಖಲೆ ಹಿಡಿದುಕೊಂಡು ನಾಡಕಚೇರಿಗೆ ಓಡುತ್ತಾರೆ (ಆಗ ಸರ್ವರ್ ಕೂಡ ಕೈಕೊಡುತ್ತದೆ!). ಪಿಯು ಕಾಲೇಜಿನವರು ಮೊದಲ ವರ್ಷವೇ ಪಾಲಕರನ್ನು ಕರೆದು ಇಷ್ಟನ್ನು ಹೇಳಲಿ.

— ಒಬ್ಬ ಪಾಲಕ, ಕಲಬುರಗಿ