ಮೆಟ್ರೋ ಯಾವಾಗ ಶುರು ಎಂದು ಕೇಳುವವರಿಗೆ

ಪುಣೆ ಬಳಗದ ಎಲ್ಲರಿಗೂ ನಮಸ್ಕಾರ. ಹೊಸ ಮೆಟ್ರೋ ಮಾರ್ಗದಲ್ಲಿ ಖಾಲಿ ರೈಲು ಓಡಿದ ವಿಡಿಯೋ ಬಂದ ಕೂಡಲೇ "ಮುಂದಿನ ವಾರದಿಂದ ಶುರುವಂತೆ" ಎಂದು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಮನೆ ಹುಡುಕುತ್ತಿರುವವರು ಅದನ್ನೇ ನಂಬಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಟ್ರಯಲ್ ಆದಮೇಲೂ ಕೆಲಸ ಜಾಸ್ತಿ ಇದೆ. ರೈಲು ವೇಗದಲ್ಲಿ ಎಷ್ಟು ಅಲುಗಾಡುತ್ತದೆ ಎಂದು ಲಕ್ನೋದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಅಳೆಯುತ್ತದೆ. ಸಿಗ್ನಲ್ ವ್ಯವಸ್ಥೆಯನ್ನು ಅದನ್ನು ಕಟ್ಟಿದವರಲ್ಲದ ಬೇರೆ ಪರಿಣತರು ಪರೀಕ್ಷಿಸುತ್ತಾರೆ. ಆಮೇಲೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಬಂದು ಹಳಿ, ಸೇತುವೆ, ಸಿಗ್ನಲ್, ಬೋಗಿ ಎಲ್ಲ ನೋಡುತ್ತಾರೆ. 2002ರ ಮೆಟ್ರೋ ಕಾಯ್ದೆಯ ಪ್ರಕಾರ ಈ ತಪಾಸಣೆ ಇಲ್ಲದೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಮಜಾ ಅಂದ್ರೆ, ಆಯುಕ್ತರ ಇಲಾಖೆ ಇರುವುದು ರೈಲ್ವೆ ಸಚಿವಾಲಯದಲ್ಲಿ ಅಲ್ಲ, ವಿಮಾನಯಾನ ಸಚಿವಾಲಯದಲ್ಲಿ! ರೈಲು ಓಡಿಸುವವರೇ ತಮಗೆ ತಾವೇ ಪಾಸು ಕೊಟ್ಟುಕೊಳ್ಳಬಾರದು ಅಲ್ವಾ?

ಒಂದು ತುಂಡಿಗೆ ಒಪ್ಪಿಗೆ ಸಿಕ್ಕರೆ ಇಡೀ ಮಾರ್ಗಕ್ಕೆ ಸಿಕ್ಕಂತಲ್ಲ. ಮುಂಬೈನ ಮೂರನೇ ಮಾರ್ಗ 2024ರ ಅಕ್ಟೋಬರ್, 2025ರ ಮೇ, ಮತ್ತೆ ಅಕ್ಟೋಬರ್ ಎಂದು ಮೂರು ಕಂತಿನಲ್ಲಿ ತೆರೆಯಿತು.

ಆಯುಕ್ತರ ಒಪ್ಪಿಗೆಯ ಸುದ್ದಿ ಇದ್ದರೆ ಧಾರಾಳವಾಗಿ ಹಾಕಿ. ಬರೀ ಟ್ರಯಲ್ ವಿಡಿಯೋ ಆದರೆ "ಟ್ರಯಲ್" ಎಂದು ಬರೆದೇ ಹಾಕಿ.