ಬಾಡಿಗೆ ಮನೆಯ ನೋಟಿಸಿನ ಕುರಿತು ಅಪ್ಪನಿಗೆ

ಡಬ್ಲಿನ್, ಐರ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಮನೆ ಬಿಡಬೇಕಾಗಿ ಬಂದಿದೆಯೆಂದು ಕೇಳಿದಂದಿನಿಂದ ನೀವೂ ಅಮ್ಮನೂ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ತಮ್ಮ ತಿಳಿಸಿದ. ಸದ್ಯಕ್ಕೆ ಆ ಆತಂಕ ಬೇಡ. ಫೋನಿನಲ್ಲಿ ಹೇಳಿ ಮುಗಿಯದ ಸಂಗತಿಯಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ.

ಮನೆ ಮಾರುತ್ತಿದ್ದೇನೆ, 90 ದಿನಗಳೊಳಗೆ ಖಾಲಿ ಮಾಡಿ ಎಂದು ಮಾಲೀಕರು ನೋಟಿಸು ಕೊಟ್ಟಾಗ, ಸಹೋದ್ಯೋಗಿಯೊಬ್ಬರ ಮಾತಿನಂತೆ ನಾವು ‘ಥ್ರೆಶೋಲ್ಡ್’ ಎಂಬ ಸಂಸ್ಥೆಗೆ ಫೋನ್ ಮಾಡಿದೆವು. ಬಾಡಿಗೆದಾರರ ಪಾಡನ್ನು ಕಣ್ಣಾರೆ ಕಂಡಿದ್ದ ಡೋನಲ್ ಮೆಕ್‌ಮಾನ್ ಎಂಬ ಪಾದ್ರಿಯವರು 1978ರಲ್ಲಿ ಆರಂಭಿಸಿದ ಸೇವಾಸಂಸ್ಥೆ ಇದು. ಸಲಹೆಗೆ ಹಣ ತೆಗೆದುಕೊಳ್ಳುವುದಿಲ್ಲ. ಆ ಕಡೆಯಿದ್ದ ಹೆಣ್ಣುಮಗಳು ಮೊದಲು ನನ್ನನ್ನು ಸಮಾಧಾನಪಡಿಸಿ, ಆಮೇಲೆ ನೋಟಿಸನ್ನು ಸಾಲುಸಾಲಾಗಿ ಓದಿಸಿದರು. ಸಹಿ ಇದೆಯೇ, ತಾರೀಖು ಇದೆಯೇ, ಮನೆ ಸೇರಿ ಎಷ್ಟು ಕಾಲವಾಯಿತು, ಮಾರುವ ಉದ್ದೇಶವನ್ನು ಪ್ರಮಾಣ ಮಾಡಿ ಬರೆದುಕೊಟ್ಟ ಪತ್ರ ಜೊತೆಗಿದೆಯೇ ಎಂದು ಒಂದೊಂದನ್ನೇ ಕೇಳುತ್ತ ಹೋದರು. ಒಂದು ವರ್ಷ ದಾಟಿ ಏಳು ವರ್ಷದೊಳಗೆ ವಾಸವಿದ್ದವರಿಗೆ 180 ದಿನಗಳ ಗಡುವು ಸಿಗಬೇಕೆಂಬುದಾಗಲಿ, ನೋಟಿಸು ಕೊಟ್ಟ ದಿನವೇ ಅದರ ಪ್ರತಿಯನ್ನು ಬಾಡಿಗೆ ವ್ಯಾಜ್ಯಗಳನ್ನು ನೋಡಿಕೊಳ್ಳುವ ಸರ್ಕಾರಿ ಮಂಡಳಿಗೂ ಕಳಿಸಬೇಕೆಂಬುದಾಗಲಿ ನಮಗೆ ಗೊತ್ತೇ ಇರಲಿಲ್ಲ. ಮಾಲೀಕರಿಗೂ ಗೊತ್ತಿರಲಿಲ್ಲವೆಂದೇ ನನ್ನ ಅನಿಸಿಕೆ.

ಅವರು ಮನೆ ಮಾರಬಾರದೆಂದು ಸಂಸ್ಥೆಯವರು ಒಮ್ಮೆಯೂ ಹೇಳಲಿಲ್ಲ. ಬಾಡಿಗೆಯನ್ನು ಒಂದು ದಿನವೂ ತಡಮಾಡದೆ ಕಟ್ಟುತ್ತಿರಬೇಕೆಂದು ನಮಗೆ ತಾಕೀತು ಮಾಡಿ, ಈ ನೋಟಿಸು ಯಾಕೆ ಊರ್ಜಿತವಾಗುವುದಿಲ್ಲವೆಂದು ಮಾಲೀಕರಿಗೆ ಮರ್ಯಾದೆಯ ಮಾತಿನಲ್ಲೇ ಪತ್ರ ಬರೆದರು. ಅವರೂ ಅದನ್ನು ಒಪ್ಪಿ, ಕ್ರಮಪ್ರಕಾರ ಹೊಸ ನೋಟಿಸು ಕೊಟ್ಟಿದ್ದಾರೆ. ಮಗುವಿನ ಶಾಲೆಯ ವರ್ಷ ಮುಗಿಯುವವರೆಗೆ ನಮಗೆ ಉಸಿರಾಡಲು ಸಮಯ ಸಿಕ್ಕಿದೆ. ಇನ್ನೊಂದು ಮನೆ ಹುಡುಕುವ ಕಷ್ಟ ಮಾತ್ರ ಹಾಗೆಯೇ ಇದೆ. ಈ ಊರಿನಲ್ಲಿ ಬಾಡಿಗೆ ಮನೆಗಳೇ ಸಾಲದು, ಅದನ್ನು ಯಾವ ಸಲಹೆಗಾರರೂ ನೀಗಿಸಲಾರರು.

ಮಗು ಮಲಗುವ ಕೋಣೆಯ ಗೋಡೆಯ ವಿಷಯವನ್ನೂ ಆಗಲೇ ಹೇಳಿದೆವು. ಕಿಟಕಿಯ ಕೆಳಗೆ ಅಂಗೈ ಅಗಲದಷ್ಟಿದ್ದ ಕಪ್ಪು ಬೂಷ್ಟು ಚಳಿಗಾಲ ಮುಗಿಯುವುದರೊಳಗೆ ಮಂಚದ ತಲೆದಿಂಬಿನವರೆಗೂ ಹಬ್ಬಿತ್ತು. ಒರೆಸಿದರೆ ವಾರದಲ್ಲಿ ಮತ್ತೆ ಮೂಡುತ್ತಿತ್ತು. ಬಾಡಿಗೆಗೆ ಕೊಟ್ಟ ಮನೆಯಲ್ಲಿ ತೇವವಿರಬಾರದು, ಗಾಳಿಯಾಡಬೇಕು, ಪ್ರತಿ ಕೋಣೆಯನ್ನೂ ಬೆಚ್ಚಗಿಡುವ ವ್ಯವಸ್ಥೆ ಇರಬೇಕು, ಒಲೆಯಲ್ಲಿ ನಾಲ್ಕು ಉರಿಗಳಿರಬೇಕು ಎಂದೆಲ್ಲ ಇಲ್ಲಿ 2019ರ ನಿಯಮಗಳಿವೆ. ತಪಾಸಣೆ ಮಾಡಬೇಕಾದದ್ದು ನಗರಸಭೆ. ಆದರೆ ತಪಾಸಣೆಯವರು ಬರುವತನಕ ಕಾಯದೆ, ಹಳೆಯ ಕಾರು ರಸ್ತೆಗಿಳಿಯಲು ಯೋಗ್ಯವೆಂದು ಪ್ರಮಾಣಪತ್ರ ಪಡೆಯುವಂತೆ, ಮನೆಯೂ ವಾಸಕ್ಕೆ ಯೋಗ್ಯವೆಂದು ಮಾಲೀಕರೇ ಮೊದಲು ಪ್ರಮಾಣಪತ್ರ ಪಡೆಯಬೇಕೆಂಬುದು ಥ್ರೆಶೋಲ್ಡ್‌ನವರ ಬಹುಕಾಲದ ಬೇಡಿಕೆ. ನನಗೆ ಅದು ನೂರಕ್ಕೆ ನೂರು ನ್ಯಾಯವೆನಿಸುತ್ತದೆ.

ಇದನ್ನೆಲ್ಲ ಅನುಭವಿಸುವಾಗ ನನಗೆ ನೆನಪಾದವರು ಅಜ್ಜ. ಗೇಣಿಯ ಕಾಲದಲ್ಲಿ ಒಡೆಯರ ಕೊಳಗದಲ್ಲೇ ಭತ್ತ ಅಳೆದುಕೊಡಬೇಕಾಗಿತ್ತೆಂದೂ, 1974ರ ಭೂಸುಧಾರಣೆ ಬಂದ ಮೇಲೂ ಡಿಕ್ಲರೇಷನ್ ಹಾಕುವುದು ಹೇಗೆಂದು ತಿಳಿಯದೆ ಕುಳಿತಿದ್ದವರಿಗೆ ಶಾಲೆಯ ಮೇಷ್ಟ್ರು ಜಗಲಿಯಲ್ಲಿ ಕೂತು ಅರ್ಜಿ ಬರೆದುಕೊಡದಿದ್ದರೆ ಗದ್ದೆ ನಮ್ಮದಾಗುತ್ತಿರಲಿಲ್ಲವೆಂದೂ ನೀವೇ ಎಷ್ಟೋ ಸಲ ಹೇಳಿದ್ದೀರಿ. ಕಾನೂನು ಇದ್ದರಷ್ಟೇ ಸಾಲದು, ಅದನ್ನು ಓದಿ ಹೇಳುವ ಒಬ್ಬರು ಪಕ್ಕದಲ್ಲಿರಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೊಟ್ಟು ತಮ್ಮ ಮನೆ ಹಿಡಿದನಲ್ಲ, ಅದನ್ನು ಬಿಡುವಾಗ ಬಣ್ಣಕ್ಕೆಂದು, ಚಿಲಕಕ್ಕೆಂದು ಮುರಿದುಕೊಂಡ ಹಣದ ಲೆಕ್ಕ ಕೇಳಲು ಅವನಿಗೆ ಯಾವ ಬಾಗಿಲೂ ಕಾಣಲಿಲ್ಲ. ಇಲ್ಲಿ 2021ರಿಂದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ.

ಇನ್ನು ಕೋರಿಕೆ. ಶಿವಮೊಗ್ಗದ ನಮ್ಮ ಮಹಡಿ ಮನೆಯಲ್ಲಿರುವವರು ಬಚ್ಚಲಿನ ಗೋಡೆ ನೀರು ಜಿನುಗುತ್ತಿದೆಯೆಂದು ಕಳೆದ ಮಳೆಗಾಲದಿಂದ ಹೇಳುತ್ತಿದ್ದಾರೆಂದು ಅಮ್ಮ ಹೇಳಿದ್ದರು. ಅವರಿಗೂ ಚಿಕ್ಕ ಮಗುವಿದೆ. ದಯವಿಟ್ಟು ಈ ಸಲ ಮಳೆ ಹಿಡಿಯುವ ಮುಂಚೆಯೇ ಗಾರೆಯವರನ್ನು ಕರೆಸಿ ದುರಸ್ತಿ ಮಾಡಿಸಿ. ತಿಂಗಳು ತಿಂಗಳು ಬಾಡಿಗೆಗೆ ರಶೀದಿ ಕೊಡಿ. ಕರಾರುಪತ್ರ ನವೀಕರಿಸುವಾಗ ಫ್ಯಾನು, ನಲ್ಲಿ, ಬಾಗಿಲುಗಳ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಹಾಕಿಟ್ಟುಕೊಳ್ಳಿ, ಮುಂದೆ ಅಡ್ವಾನ್ಸ್ ಹಿಂತಿರುಗಿಸುವಾಗ ಮಾತಿಗೆ ಮಾತು ಬೆಳೆಯುವುದಿಲ್ಲ. ನೀವು ಯಾರಿಗೂ ಅನ್ಯಾಯ ಮಾಡುವವರಲ್ಲವೆಂದು ನನಗೆ ಗೊತ್ತು. ಆದರೆ ಮನೆ ಕೊಟ್ಟವರ ಒಳ್ಳೆಯತನವನ್ನಷ್ಟೇ ನಂಬಿಕೊಂಡು ಬದುಕುವುದು ಎಷ್ಟು ಕಷ್ಟವೆಂಬುದು ಈಗ ನನಗೆ ತಿಳಿದಿರುವುದರಿಂದ ಇಷ್ಟು ಬರೆದೆ.

ಗಾರೆ ಕೆಲಸದ ಅಂದಾಜು ಖರ್ಚನ್ನು ತಮ್ಮನ ಮೂಲಕ ತಿಳಿಸಿದರೆ ಈ ತಿಂಗಳೇ ಹಣ ಕಳಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು